ಓಪೆಲ್ ಅಂದರೆ ಜರ್ಮನ್ನರು ಯಾಕೆ ಮೂಗು ಮುರಿಯುತ್ತಾರೆ?

ಮೈಂಝ್_ಮಂಜು:
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಜರ್ಮನಿಯ ಮೈಂಝ್‌ಗೆ ಬಂದಿದ್ದೇನೆ. ಒಂದು ಸೆಕೆಂಡ್ ಹ್ಯಾಂಡ್ ಕಾರು ಬೇಕಾಗಿದೆ. ನನ್ನ ಬಜೆಟ್ಟಿಗೆ ಹೊಂದುವುದು ಓಪೆಲ್ ಆಸ್ಟ್ರಾ ಅಥವಾ ಕೋರ್ಸಾ. ಅದೇ ವಯಸ್ಸಿನ, ಅಷ್ಟೇ ಓಡಿದ ಫೋಕ್ಸ್‌ವಾಗನ್ ಗಾಲ್ಫ್‌ಗಿಂತ ಕಡಿಮೆಗೆ ಸಿಗುತ್ತಿದೆ. ಆದರೆ ಆಫೀಸಿನಲ್ಲಿ ಓಪೆಲ್ ಹೆಸರು ತೆಗೆದರೆ ಸಾಕು, ಮುಸಿಮುಸಿ ನಗುತ್ತಾರೆ. ಯಾಕ್ರಪ್ಪಾ ಅಂದರೆ "ಅದು ಓಪೆಲ್ ಅಲ್ವಾ" ಅನ್ನುತ್ತಾರೆ, ಮುಂದಕ್ಕೆ ಮಾತಿಲ್ಲ. ಕಾರ್ಖಾನೆ ಇರುವ ರುಸೆಲ್ಸ್‌ಹೈಮ್ ಇಲ್ಲಿಂದ ರೈಲಿನಲ್ಲಿ ಕೆಲವೇ ನಿಲ್ದಾಣ. ಪಕ್ಕದೂರಿನ ಕಾರಿನ ಮೇಲೆ ಇಷ್ಟು ತಾತ್ಸಾರ ಏಕೆ? ನಮ್ಮ ಕಡೆ ಓಪೆಲ್ ಅಂದರೆ ಒಂದು ಗತ್ತು ಇತ್ತು.

ಗ್ಯಾರೇಜ್_ಗಿರಿಯಣ್ಣ:
ಮಂಜು, ಮೈಸೂರಿನಿಂದ ಬರೆಯುತ್ತಿದ್ದೇನೆ. ನಗುವವರು ನಗಲಿ ಬಿಡಪ್ಪ. ಕೋರ್ಸಾ, ಆಸ್ಟ್ರಾ ಎರಡನ್ನೂ ಬಿಚ್ಚಿ ಕಟ್ಟಿದ ಕೈ ಇದು. ಬಾಗಿಲು ಹಾಕಿದಾಗ ಬರುತ್ತಿದ್ದ ಸದ್ದೇ ಬೇರೆ. ತೂಕ ಜಾಸ್ತಿ, ಪೆಟ್ರೋಲೂ ಜಾಸ್ತಿ ಕುಡಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಂಜನಗೂಡು ರಸ್ತೆಯಲ್ಲಿ ನೂರರ ಮೇಲೆ ಹೋದರೂ ನೆಲ ಬಿಡುತ್ತಿರಲಿಲ್ಲ.

ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ. 1995ರಲ್ಲಿ ನಮ್ಮಲ್ಲಿ ಬಂದ ಡೇವೂ ಸಿಯೆಲೋ ಇತ್ತಲ್ಲ, ಅದರ ಮೂಲ ಓಪೆಲ್ ಕಾಡೆಟ್. ಹೊರಗಿನ ಅಂಗಿ ಮಾತ್ರ ಕೊರಿಯಾದ್ದು. ಬಾನೆಟ್ ಎತ್ತಿದರೆ ವಂಶ ಗೊತ್ತಾಗುತ್ತದೆ. ಎಂಜಿನ್ನಿನ ವಾಲ್ವುಗಳ ಓಟವನ್ನು ಸಮಯಕ್ಕೆ ಹೊಂದಿಸುವ ಪಟ್ಟಿ, ಅಂದರೆ ಟೈಮಿಂಗ್ ಬೆಲ್ಟ್, ಅದರ ಬಿಗಿ ಹೊಂದಿಸಲು ವಾಟರ್ ಪಂಪನ್ನೇ ತಿರುಗಿಸಬೇಕು. ಪಂಪಿನ ಮೈ ನಡುಮಧ್ಯಕ್ಕೆ ಕೂತಿರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಇರುತ್ತದೆ. ಬೋಲ್ಟ್ ಸಡಿಲ ಮಾಡಿ, ದೊಡ್ಡ ಚಪ್ಪಟೆ ಪಾನಾ ಹಾಕಿ ತಿರುಗಿಸಿದರೆ ಬೆಲ್ಟ್ ಬಿಗಿಯಾಗುತ್ತದೆ. ಇದು ಓಪೆಲ್‌ನ ಹಳೇ ಪದ್ಧತಿ. ಹೊಸ ಹುಡುಗರು ಬೇರೆಲ್ಲೋ ಅಡ್ಜಸ್ಟ್‌ಮೆಂಟ್ ಹುಡುಕುತ್ತಾ ಕೂರುತ್ತಿದ್ದರು.

ಮರುವರ್ಷ, 1996ರಲ್ಲಿ, ಆಸ್ಟ್ರಾ ಬಂತು. ಯುರೋಪಿನಲ್ಲಿ ಕಾಡೆಟ್ ನಿಲ್ಲಿಸಿ ಅದರ ಜಾಗಕ್ಕೆ ತಂದದ್ದೇ ಆಸ್ಟ್ರಾ. ಅಂದರೆ ನಮ್ಮಲ್ಲಿ ಅಪ್ಪ ಮಗ ಎದುರುಬದುರು ಅಂಗಡಿ ಹಾಕಿಕೊಂಡ ಹಾಗಾಯಿತು!

ಕುಂದಾಪ್ರ_ಶೆಟ್ರು:
ಗಿರಿಯಣ್ಣ, ಕಾಂಟೆಸ್ಸಾ ಮರೆತಿರಾ? ಅದರ ಮೂಲ ಇಂಗ್ಲೆಂಡಿನ ವಾಕ್ಸಾಲ್ ವಿಕ್ಟರ್. ವಾಕ್ಸಾಲ್, ಓಪೆಲ್ ಎರಡಕ್ಕೂ ಯಜಮಾನ ಒಬ್ಬನೇ, ಅಮೆರಿಕದ ಜನರಲ್ ಮೋಟರ್ಸ್. ಆ ಲೆಕ್ಕದಲ್ಲಿ ನಾವು ಗೊತ್ತಿಲ್ಲದೇ ಈ ಮನೆತನದ ಕಾರು ಓಡಿಸುತ್ತಲೇ ಇದ್ದೆವು.

ಶಾಂತಲಾ_ಎಚ್‌ಎಸ್:
ಮಂಜು ಅವರೇ, ಕೇಳಿದ್ದು ಒಂದೇ ಪ್ರಶ್ನೆ. ಆದರೆ ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೇಜಾರಾದರೆ ದಾಟಿಸಿಕೊಂಡು ಓದಿ.

ಆಡಮ್ ಓಪೆಲ್ ಬೀಗ ಮಾಡುವವನ ಮಗ. ಪ್ಯಾರಿಸ್ಸಿನಲ್ಲಿ ಹೊಲಿಗೆ ಯಂತ್ರದ ಕೆಲಸ ಕಲಿತು ಊರಿಗೆ ಮರಳಿದ. 1862ರಲ್ಲಿ ರುಸೆಲ್ಸ್‌ಹೈಮ್‌ನಲ್ಲಿ ಸೋದರ ಸಂಬಂಧದ ಹಿರಿಯರೊಬ್ಬರ ದನದ ಕೊಟ್ಟಿಗೆಯಲ್ಲಿ ಕೆಲಸ ಶುರು ಮಾಡಿದ. 1886ರಿಂದ ಸೈಕಲ್. ಅವನ ಐದೂ ಗಂಡುಮಕ್ಕಳು ಸೈಕಲ್ ರೇಸಿಗೆ ಇಳಿದರು, ಅದೇ ಜಾಹೀರಾತಾಯಿತು. ಆಡಮ್ 1895ರಲ್ಲಿ ತೀರಿಕೊಂಡ. ಅವನ ಕಾಲದಲ್ಲಿ ಕಂಪನಿ ಒಂದು ಕಾರನ್ನೂ ಮಾಡಿರಲಿಲ್ಲ. ಕಾರಿಗೆ ಕೈಹಾಕಿದ್ದು ಹೆಂಡತಿ ಸೋಫಿ ಮತ್ತು ಮಕ್ಕಳು, 1899ರಲ್ಲಿ.

ಶುರುವಿನಿಂದಲೂ ಇವರ ಗಿರಾಕಿ ಮಧ್ಯಮ ವರ್ಗದವನು. 1909ರ ಒಂದು ಸಣ್ಣ ಕಾರಿಗೆ 'ಡಾಕ್ಟರ ಗಾಡಿ' ಅಂತಲೇ ಹೆಸರು ಬಿತ್ತು. ಹಳ್ಳಿ ಹಳ್ಳಿ ತಿರುಗುವ ವೈದ್ಯರು ಕೊಳ್ಳುತ್ತಿದ್ದರು. 1911ರಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು. ಅದಾದ ಮೇಲೆ ಹೊಲಿಗೆ ಯಂತ್ರದ ತಂಟೆಯೇ ಬೇಡ ಅಂತ ಬಿಟ್ಟರು. 1924ರಲ್ಲಿ ಅಸೆಂಬ್ಲಿ ಲೈನ್ ಹಾಕಿದರು, ಜರ್ಮನಿಯ ಕಾರು ಉದ್ಯಮಕ್ಕೆ ಅದು ಮೊದಲನೆಯದು. ಅಲ್ಲಿಂದ ಬಂದ ಹಸಿರು ಬಣ್ಣದ ಪುಟ್ಟ ಕಾರಿಗೆ ಜನ 'ಮರಗಪ್ಪೆ' ಅಂತ ಕರೆದರು. ಅದು ಫ್ರಾನ್ಸಿನ ಸಿಟ್ರೊಯೆನ್ 5ಸಿವಿಯ ಪಡಿಯಚ್ಚು. ಸಿಟ್ರೊಯೆನ್ ಕೋರ್ಟಿಗೆ ಹೋಗಿ ಸೋತಿತು. ಅವರದು ಹಳದಿ, ಇವರದು ಹಸಿರು!

ಇಪ್ಪತ್ತರ ದಶಕ ಮುಗಿಯುವಾಗ ಓಪೆಲ್ ಜರ್ಮನಿಯ ಅತಿ ದೊಡ್ಡ ಕಾರು ಕಂಪನಿ. 1928ರಲ್ಲಿ ಫ್ರಿಟ್ಝ್ ಫಾನ್ ಓಪೆಲ್ ಕಾರಿನ ಹಿಂದೆ ರಾಕೆಟ್ ಕಟ್ಟಿ ಬರ್ಲಿನ್‌ನ ಟ್ರ್ಯಾಕಿನಲ್ಲಿ ಗಂಟೆಗೆ 238 ಕಿ.ಮೀ. ಓಡಿಸಿದ. ಮರುವರ್ಷ ಕುಟುಂಬ ಶೇ 80 ಪಾಲನ್ನು ಜನರಲ್ ಮೋಟರ್ಸ್‌ಗೆ ಮಾರಿತು, 1931ರ ಹೊತ್ತಿಗೆ ಪೂರ್ತಿ ಹೋಯಿತು. ಮುಂದಿನ ಎಲ್ಲ ಒಳ್ಳೆಯದಕ್ಕೂ ಎಲ್ಲ ಕೆಟ್ಟದ್ದಕ್ಕೂ ಬೇರು ಈ ವ್ಯಾಪಾರದಲ್ಲಿದೆ ಅಂತ ನನ್ನ ಅಭಿಪ್ರಾಯ.

ಧಾರವಾಡ_ಪೇಢಾ:
ಮೇಡಂ, ಛಲೋ ಬರೆದೀರಿ. ಆದರೆ 1931ರಿಂದ ಮುಂದಕ್ಕೆ ಜಿಗಿಯೋ ಹಂಗಿಲ್ಲ ನೋಡ್ರಿ. ಯುದ್ಧದ ಕಾಲದಾಗ ಏನಾತು?

ಶಾಂತಲಾ_ಎಚ್‌ಎಸ್:
ಜಿಗಿಯುವುದಿಲ್ಲ ಸರ್. ಅದು ಚಂದದ ಕಥೆ ಅಲ್ಲ. 1935ರಲ್ಲಿ ಬ್ರಾಂಡನ್‌ಬುರ್ಗ್‌ನಲ್ಲಿ ಟ್ರಕ್ ಕಾರ್ಖಾನೆ ತೆರೆದರು. ಅಲ್ಲಿಂದ ಬಂದ 'ಬ್ಲಿಟ್ಸ್' ಟ್ರಕ್ ಜರ್ಮನ್ ಸೇನೆಯ ಮುಖ್ಯ ಸಾಗಣೆ ವಾಹನವಾಯಿತು. 1938ರಲ್ಲಿ ಜಿಎಂನ, ಅಂದರೆ ಜನರಲ್ ಮೋಟರ್ಸ್‌ನ, ವಿದೇಶ ವ್ಯವಹಾರದ ಮುಖ್ಯಸ್ಥ ಜೇಮ್ಸ್ ಮೂನಿ ನಾಜಿ ಸರ್ಕಾರದ ಪದಕ ಪಡೆದ. ಯುದ್ಧದಲ್ಲಿ ಓಪೆಲ್ ಕಾರ್ಖಾನೆಗಳಲ್ಲಿ ಬಲವಂತದ ಕೂಲಿಗಳನ್ನು ದುಡಿಸಿದರು. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಆಡಳಿತ ಜರ್ಮನ್ ಸರ್ಕಾರ ನೇಮಿಸಿದವರ ಕೈಯಲ್ಲಿತ್ತು. ಆದರೆ ಅದಕ್ಕೆ ಮುಂಚಿನ ವರ್ಷಗಳಲ್ಲಿ ಡೆಟ್ರಾಯಿಟ್‌ನ ಜಿಎಂ ಮುಖ್ಯ ಕಚೇರಿಯವರು ಏನೂ ಗೊತ್ತಿಲ್ಲ ಅನ್ನುವಂತಿರಲಿಲ್ಲ. ಎಷ್ಟೋ ವರ್ಷಗಳ ನಂತರ ಜಿಎಂ ಕಂಪನಿಯೇ ಇತಿಹಾಸಕಾರ ಹೆನ್ರಿ ಆಶ್ಬಿ ಟರ್ನರ್ ಅವರಿಂದ ಹಳೆಯ ಕಡತಗಳ ಪರಿಶೀಲನೆ ಮಾಡಿಸಿತು.

ಯುದ್ಧ ಮುಗಿದಾಗ ಮೊದಲ ಕಾಡೆಟ್‌ನ ವಿನ್ಯಾಸ ಪರಿಹಾರದ ಲೆಕ್ಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಯಿತು. ಅಲ್ಲಿ ಅದು ಮೊಸ್ಕ್ವಿಚ್ 400 ಆಯಿತು. ಜಿಎಂ ಮತ್ತೆ ಅಧಿಕಾರ ವಹಿಸಿಕೊಂಡದ್ದು 1948ರಲ್ಲಿ.

ಬೋಹುಮ್_ಬಸವ:
ನಾನು ಜರ್ಮನಿಯ ಬೋಹುಮ್‌ ಊರಿನಲ್ಲಿ ಓದುತ್ತಿದ್ದೇನೆ. ಇಲ್ಲಿ ಓಪೆಲ್ ಬಗ್ಗೆ ನಗುವವರು ಕಡಿಮೆ, ಹಲ್ಲು ಕಡಿಯುವವರು ಜಾಸ್ತಿ.

ಕಲ್ಲಿದ್ದಲು ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು. 1962ರಲ್ಲಿ ಹಳೇ ಗಣಿಯ ಜಾಗದಲ್ಲೇ ಓಪೆಲ್ ಕಾರ್ಖಾನೆ ಎದ್ದಿತು. ನೆಲದಡಿ ದುಡಿದವರು ಮೇಲೆ ಬಂದು ಕಾಡೆಟ್ ಜೋಡಿಸಿದರು. ಎಪ್ಪತ್ತರ ದಶಕದ ಶುರುವಿನಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟವಾಗುವ ಐದು ಕಾರುಗಳಲ್ಲಿ ಒಂದು ಓಪೆಲ್. ಫೋಕ್ಸ್‌ವಾಗನ್‌ಗೇ ಬೆವರು ಇಳಿಸಿದ್ದರು. ಮೇಸ್ತ್ರಿ ಓಪೆಲ್‌ನ ರೆಕಾರ್ಡ್ ಅನ್ನುವ ಕಾರು ಓಡಿಸುತ್ತಿದ್ದ, ಕಾರ್ಖಾನೆ ಮಾಲೀಕ ಆಡ್ಮಿರಲ್ ಅಥವಾ ಡಿಪ್ಲೊಮಾಟ್ ಓಡಿಸುತ್ತಿದ್ದ. 'ನಂಬಿಕಸ್ಥ' ಅಂತಲೇ ಕಂಪನಿ ತನ್ನನ್ನು ಕರೆದುಕೊಳ್ಳುತ್ತಿತ್ತು, ಜನರೂ ಒಪ್ಪಿದ್ದರು.

ಮಂಜಣ್ಣ, ನಿಮ್ಮ ಆಫೀಸಿನವರ ನಗುವಿಗೆ ಅರ್ಧ ಕಾರಣ ಮಾಂಟಾ ಅನ್ನುವ ಕಾರು. 1975ರಿಂದ 1988ರವರೆಗೆ ಬಂದ ಎರಡನೇ ಮಾಂಟಾ. ನೋಡೋಕೆ ಸ್ಪೋರ್ಟ್ಸ್ ಕಾರಿನ ಹಾಗೆ, ಬೆಲೆ ಕೂಲಿಯ ಹುಡುಗನಿಗೂ ಎಟಕುವಂತೆ. ಹಾಗಾಗಿ ಅದು ಕೆಲಸಗಾರ ಹುಡುಗರ ಕಾರಾಯಿತು. ಆಂಟೆನಾಕ್ಕೆ ನರಿ ಬಾಲ, ಕಿಟಕಿಯಿಂದ ಹೊರಗೆ ಮೊಣಕೈ, ಪಕ್ಕದಲ್ಲಿ ಬ್ಯೂಟಿ ಪಾರ್ಲರಿನ ಹುಡುಗಿ. ತೊಂಬತ್ತರ ಆಸುಪಾಸಿನಲ್ಲಿ ದೇಶದ ತುಂಬ ಮಾಂಟಾ ಜೋಕು. ನಮ್ಮಲ್ಲಿ ಸರ್ದಾರ್ಜಿ ಜೋಕು ಹಬ್ಬಿತ್ತಲ್ಲ, ಅದೇ ಥರ, ಅಷ್ಟೇ ಅನ್ಯಾಯದ್ದು. 1991ರಲ್ಲಿ ಅದರ ಮೇಲೆ ಎರಡು ಸಿನಿಮಾ ಬೇರೆ ಬಂದವು. ನಕ್ಕದ್ದು ಕಾರಿಗಲ್ಲ, ಅದರೊಳಗೆ ಕೂತವನ ಜೇಬಿಗೆ. ಈಗ ಅದೇ ಮಾಂಟಾ ಒಳ್ಳೆ ಸ್ಥಿತಿಯಲ್ಲಿದ್ದರೆ ಸಂಗ್ರಹಕಾರರು ಕೈತುಂಬ ದುಡ್ಡು ಕೊಡುತ್ತಾರೆ.

ಮೈಂಝ್_ಮಂಜು:
ಬಸವ, ಇದು ಗೊತ್ತೇ ಇರಲಿಲ್ಲ. ಆದರೆ ಬರೀ ಜೋಕಿನಿಂದ ಕಂಪನಿಯ ಹೆಸರು ಕೆಡುತ್ತದಾ?

ಬೋಹುಮ್_ಬಸವ:
ಕೆಡುವುದಿಲ್ಲ. ಮಿಕ್ಕರ್ಧ ತುಕ್ಕು.

ವೈಟ್‌ಫೀಲ್ಡ್_ವಿನಯ್:
ತುಕ್ಕಿನ ಕಥೆ ನಾನು ಹೇಳುತ್ತೇನೆ. ವಾಹನ ಬಿಡಿಭಾಗ ಖರೀದಿಯ ಕೆಲಸದಲ್ಲಿದ್ದವನು, ನಮ್ಮ ವೃತ್ತಿಯಲ್ಲಿ ಇದು ಪಾಠ ಥರ.

ಲೋಪೆಝ್ ಅಂತ ಸ್ಪೇನಿನ ಬಾಸ್ಕ್ ಪ್ರಾಂತದವನು, ಪೂರ್ತಿ ಹೆಸರು ಹೊಸೆ ಇಗ್ನಾಸಿಯೊ ಲೋಪೆಝ್. 1987ರಲ್ಲಿ ಓಪೆಲ್‌ನ ಖರೀದಿ ವಿಭಾಗದ ಮುಖ್ಯಸ್ಥನಾದ. ಬಿಡಿಭಾಗ ಕೊಡುವವರನ್ನು ಹಿಂಡಿ ಹಿಪ್ಪೆ ಮಾಡಿದ. ಬೆಲೆ ಇಳಿಸು, ಇಲ್ಲದಿದ್ದರೆ ಜಾಗ ಖಾಲಿ ಮಾಡು. ಕಾಗದದ ಮೇಲೆ ಲಾಭ ಕುಣಿದಾಡಿತು. ಡೆಟ್ರಾಯಿಟ್‌ನವರಿಗೆ ಖುಷಿಯೋ ಖುಷಿ, 1992ರಲ್ಲಿ ಅವನನ್ನು ಅಲ್ಲಿಗೇ ಕರೆಸಿಕೊಂಡರು. 1993ರಲ್ಲಿ ಅವನು ಫೋಕ್ಸ್‌ವಾಗನ್‌ಗೆ ಹಾರಿದ. ಗುಟ್ಟಿನ ಕಾಗದಪತ್ರ ಹೊತ್ತೊಯ್ದ ಅಂತ ಜಿಎಂ ಕೇಸು ಹಾಕಿತು. 1997ರಲ್ಲಿ ರಾಜಿ. ಫೋಕ್ಸ್‌ವಾಗನ್ 10 ಕೋಟಿ ಡಾಲರ್ ಕೊಟ್ಟು, 100 ಕೋಟಿ ಡಾಲರ್ ಮೊತ್ತದ ಬಿಡಿಭಾಗ ಜಿಎಂನಿಂದ ಕೊಳ್ಳಲು ಒಪ್ಪಿತು.

ಅವನು ಹೋದ ಮೇಲೆ ಉಳಿದದ್ದು ಕಾರುಗಳು. 1991ರ ಆಸ್ಟ್ರಾ 40 ಲಕ್ಷಕ್ಕೂ ಜಾಸ್ತಿ ತಯಾರಾಯಿತು. ಓಪೆಲ್ ಇತಿಹಾಸದಲ್ಲಿ ಅಷ್ಟು ಓಡಿದ ಮಾಡೆಲ್ ಇನ್ನೊಂದಿಲ್ಲ. ಅದರ ಹಿಂದಿನ ಚಕ್ರದ ಮೇಲಿನ ಕಮಾನು, ಪೆಟ್ರೋಲ್ ಹಾಕುವ ಮುಚ್ಚಳದ ಸುತ್ತ, ಎರಡೂ ತುಕ್ಕಿನ ಗೂಡು. ಜರ್ಮನಿಯಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪು ನೀರು ಚಕ್ರದಿಂದ ಸಿಡಿದು ಕಮಾನಿನ ಒಳಮಡಿಕೆಯಲ್ಲಿ ಕೂರುತ್ತದೆ. ಬಣ್ಣದ ಕೆಳಗೆ ಗುಳ್ಳೆ ಏಳುತ್ತದೆ, ಬೆರಳಲ್ಲಿ ಒತ್ತಿದರೆ ಚಕ್ಕೆ ಉದುರುತ್ತದೆ. ನಲವತ್ತು ಲಕ್ಷ ಕಾರು ಊರೂರಲ್ಲಿ ಈ ಗುಳ್ಳೆ ಹೊತ್ತು ತಿರುಗಿದರೆ ಜಾಹೀರಾತು ಏನು ಮಾಡುತ್ತದೆ ಹೇಳಿ.

1998ರ ಆಸ್ಟ್ರಾಗೆ ಇಡೀ ಬಾಡಿಗೆ ಸತುವಿನ ಲೇಪ ಕೊಟ್ಟರು. ತುಕ್ಕಿನ ಸಮಸ್ಯೆ ಬಹುಪಾಲು ಮುಗಿಯಿತು. ಆದರೆ ಜನರ ತಲೆಯಲ್ಲಿ ಮುಗಿಯಲಿಲ್ಲ.

ಗ್ಯಾರೇಜ್_ಗಿರಿಯಣ್ಣ:
ವಿನಯ್, ನಮ್ಮಲ್ಲಿ ಬಂದದ್ದೂ ಅದೇ 1991ರ ಮಾಡೆಲ್ಲೇ. ಮೈಸೂರಲ್ಲಿ ರಸ್ತೆಗೆ ಉಪ್ಪು ಹಾಕುವವರಿಲ್ಲ ನೋಡು, ಹಾಗಾಗಿ ನಮಗೆ ಈ ಕಥೆ ಗೊತ್ತಾಗಲೇ ಇಲ್ಲ. ಟಿಂಕರಿಂಗ್ ಹುಡುಗರನ್ನು ಕೇಳಿದರೆ ಆಸ್ಟ್ರಾ ಶೀಟ್ ಗಟ್ಟಿ ಅಂತಲೇ ಅನ್ನುತ್ತಾರೆ.

ಕುಂದಾಪ್ರ_ಶೆಟ್ರು:
ಗಿರಿಯಣ್ಣ, ನಮ್ಮ ಕಡಲತಡಿಯಲ್ಲಿ ಇಟ್ಟಿದ್ದರೆ ಗೊತ್ತಾಗುತ್ತಿತ್ತು!

ಧಾರವಾಡ_ಪೇಢಾ:
ಎಲ್ಲಾ ಲೋಪೆಝ್ ತಲಿಗೆ ಕಟ್ಟೋದು ನನಗ ಸರಿ ಕಾಣವಲ್ದು. ತೊಂಬತ್ತರ ದಶಕದ ಕೊನೆಗೆ ಮರ್ಸಿಡೀಸ್ ಇ-ಕ್ಲಾಸೂ ತುಕ್ಕು ಹಿಡಿದಿತ್ತು. ಡಬ್ಲ್ಯೂ210 ಮಾಡೆಲ್ ಅಂದರೆ ಇಂದಿಗೂ ಜನ ಮೊದಲು ತುಕ್ಕನ್ನೇ ನೋಡುತ್ತಾರೆ. ಆದರೂ ಮರ್ಸಿಡೀಸಿನ ಮಾನ ಹೋಗಲಿಲ್ಲ. ಓಪೆಲ್ಲಿನ ಮಾನ ಮಾತ್ರ ಯಾಕೆ ಹೋಯಿತು?

ಶಾಂತಲಾ_ಎಚ್‌ಎಸ್:
ಇದೇ ಸರಿಯಾದ ಪ್ರಶ್ನೆ. ಮರ್ಸಿಡೀಸ್ ಕೊಳ್ಳುವವನು ಆ ನಕ್ಷತ್ರವನ್ನೂ ಕೊಳ್ಳುತ್ತಾನೆ. ಓಪೆಲ್ ಹತ್ತಿರ ಮಾರಲು ಇದ್ದದ್ದು ಒಂದೇ ಗುಣ, ಕೈಕೊಡುವುದಿಲ್ಲ ಅನ್ನುವುದು. ಅದೇ ಹೋದ ಮೇಲೆ ಏನು ಉಳಿಯಿತು? ಕಾಡೆಟ್ ಕೊಂಡ ಮೇಸ್ತ್ರಿ ಜೀವಮಾನದಲ್ಲಿ ನಾಲ್ಕೋ ಐದೋ ಕಾರು ಕೊಳ್ಳುವವನು. ಒಮ್ಮೆ ಮೋಸ ಹೋದರೆ ಮಗನಿಗೂ ಬೇಡ ಅನ್ನುತ್ತಾನೆ.

ಎಂಜಿನಿಯರುಗಳು ದಡ್ಡರಾಗಿರಲಿಲ್ಲ. 1982ರಲ್ಲಿ ವಾಲ್ಟರ್ ರೋರ್ಲ್ ವಿಶ್ವ ರ್‍ಯಾಲಿ ಪ್ರಶಸ್ತಿ ಗೆದ್ದದ್ದು ಓಪೆಲ್ ಅಸ್ಕೋನಾದಲ್ಲಿ. 1989ರಲ್ಲಿ ತನ್ನ ಎಲ್ಲ ಕಾರುಗಳಿಗೂ ಹೊಗೆಯ ವಿಷ ಕಡಿಮೆ ಮಾಡುವ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯ ಮಾಡಿದ ಮೊದಲ ಜರ್ಮನ್ ಕಂಪನಿ ಓಪೆಲ್. ಅದೇ ವರ್ಷದ ಕಲಿಬ್ರಾ ಕಾರು ಗಾಳಿಯನ್ನು ಸೀಳುವುದರಲ್ಲಿ ಆ ಕಾಲದ ದಾಖಲೆ. 1990ರ ಲೋಟಸ್ ಒಮೆಗಾ ಅಂತೂ ನಾಲ್ಕು ಬಾಗಿಲ ಕುಟುಂಬದ ಕಾರು, 377 ಅಶ್ವಶಕ್ತಿ, ಗಂಟೆಗೆ 280 ದಾಟುತ್ತಿತ್ತು. ಇಷ್ಟೆಲ್ಲ ಮಾಡುವ ಕೈಗಳಿಗೆ ಚಕ್ರದ ಕಮಾನಿಗೆ ನೆಟ್ಟಗೆ ಲೇಪ ಹಚ್ಚಲು ಬರುವುದಿಲ್ಲವೇ? ಬರುತ್ತದೆ. ಅದಕ್ಕೆ ದುಡ್ಡು ಬಿಡಿಸುವ ಅಧಿಕಾರ ಅವರ ಕೈಯಲ್ಲಿ ಇರಲಿಲ್ಲ.

ವೈಟ್‌ಫೀಲ್ಡ್_ವಿನಯ್:
ಶಾಂತಲಾ ಮೇಡಂ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ದುಡ್ಡು ಬಿಡಿಸದೇ ಇದ್ದದ್ದು ಹಾಳಾಗಿ ಹೋಗಲಿ, ಹೆಸರೂ ಬಿಟ್ಟುಕೊಡಲಿಲ್ಲ. ಓಪೆಲ್ ಮಾಡಿದ ಕಾರು ಬ್ರೆಜಿಲ್‌ನಲ್ಲಿ ಷೆವರ್ಲೆ, ಆಸ್ಟ್ರೇಲಿಯಾದಲ್ಲಿ ಹೋಲ್ಡನ್, ಇಂಗ್ಲೆಂಡಿನಲ್ಲಿ ವಾಕ್ಸಾಲ್. ಇನ್ಸಿಗ್ನಿಯಾ ಚೀನಾ ಮತ್ತು ಅಮೆರಿಕದಲ್ಲಿ ಬ್ಯೂಕ್ ರೀಗಲ್. ಜಗತ್ತೆಲ್ಲ ಓಡಾಡಿದರೂ ಲೆಕ್ಕದ ಪುಸ್ತಕದಲ್ಲಿ ಓಪೆಲ್ ಬರೀ ಯುರೋಪಿನ ನಷ್ಟದ ಬಾಬ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ.

ನಮ್ಮ ದೇಶದಲ್ಲೂ ಅದೇ. 1996ರಲ್ಲಿ ಗುಜರಾತಿನ ಹಾಲೋಲ್‌ನಲ್ಲಿ ಓಪೆಲ್ ಅಂತ ಶುರು ಮಾಡಿದರು, 2000ದಲ್ಲಿ ಕೋರ್ಸಾ ತಂದರು. ಜನಕ್ಕೆ ಹೆಸರು ರೂಢಿಯಾಗುವ ಹೊತ್ತಿಗೆ, 2003ರಲ್ಲಿ, ಷೆವರ್ಲೆ ಅಂತ ಇನ್ನೊಂದು ಬೋರ್ಡು ತಗುಲಿಸಿದರು. 2006ರಲ್ಲಿ ಓಪೆಲ್ ಬೋರ್ಡು ಇಳಿಸಿಬಿಟ್ಟರು. 2017ರ ಕೊನೆಗೆ ಷೆವರ್ಲೆ ಮಾರಾಟವನ್ನೂ ನಿಲ್ಲಿಸಿದರು.

ಬೋಹುಮ್_ಬಸವ:
2004ರ ಅಕ್ಟೋಬರ್‌ನಲ್ಲಿ ಜಿಎಂ ಯುರೋಪಿನಲ್ಲಿ ಸಾವಿರಾರು ಕೆಲಸ ಕಡಿತ ಅಂತ ಘೋಷಿಸಿತು. ಬೋಹುಮ್‌ನವರು ಯೂನಿಯನ್ ಕರೆಗೂ ಕಾಯಲಿಲ್ಲ, ಕೆಲಸ ನಿಲ್ಲಿಸಿ ಗೇಟಿಗೆ ಬಂದು ಕೂತರು. ಇಲ್ಲಿಂದ ಬಿಡಿಭಾಗ ಹೋಗದೆ ಬೇರೆ ದೇಶದ ಕಾರ್ಖಾನೆಗಳೂ ನಿಂತವು.

2009ರಲ್ಲಿ ಜಿಎಂ ದಿವಾಳಿ. ಜರ್ಮನ್ ಸರ್ಕಾರ 150 ಕೋಟಿ ಯೂರೋ ತಾತ್ಕಾಲಿಕ ಸಾಲ ಕೊಟ್ಟಿತು. ಕೆನಡಾದ ಮಾಗ್ನಾ ಕಂಪನಿ ರಷ್ಯಾದ ಬ್ಯಾಂಕಿನ ಜೊತೆ ಕೂಡಿ ಓಪೆಲ್ ಕೊಳ್ಳುತ್ತದೆ ಅಂತ ತಿಂಗಳುಗಟ್ಟಲೆ ಮಾತುಕತೆ. ಎಲ್ಲ ಮುಗಿಯಿತು ಅನ್ನುವಾಗ ನವೆಂಬರ್‌ನಲ್ಲಿ ಜಿಎಂ ಮನಸ್ಸು ಬದಲಿಸಿ, ಮಾರುವುದಿಲ್ಲ ಅಂದಿತು. ದಿನಾ ಪೇಪರಿನಲ್ಲಿ 'ಓಪೆಲ್ ಉಳಿಯುತ್ತದಾ' ಅಂತ ಬಂದರೆ ಯಾರು ಕಾರು ಕೊಳ್ಳುತ್ತಾರೆ? ಅದೇ ವರ್ಷ ಇನ್ಸಿಗ್ನಿಯಾ ಯುರೋಪಿನ ವರ್ಷದ ಕಾರು ಅಂತ ಪ್ರಶಸ್ತಿ ಗೆದ್ದಿತ್ತು ಅಂದರೆ ನಂಬುತ್ತೀರಾ?

2014ರ ಡಿಸೆಂಬರ್‌ನಲ್ಲಿ ಬೋಹುಮ್ ಕಾರ್ಖಾನೆ ಮುಚ್ಚಿತು. ಜಾಗಕ್ಕೆ ಈಗ ಹೊಸ ಹೆಸರು, ಕಚೇರಿ, ಪ್ರಯೋಗಾಲಯ ಬಂದಿವೆ. ವಯಸ್ಸಾದವರು ಇನ್ನೂ ಅದನ್ನು ಓಪೆಲ್ ಅಂತಲೇ ಕರೆಯುತ್ತಾರೆ.

ಕುಂದಾಪ್ರ_ಶೆಟ್ರು:
ಅದೇ 2014ರಲ್ಲಿ ಒಂದು ಜಾಹೀರಾತು ಬಂದಿತ್ತಲ್ಲ? ಫುಟ್‌ಬಾಲ್ ಕೋಚ್ ಯುರ್ಗೆನ್ ಕ್ಲಾಪ್ ಇದ್ದದ್ದು. ಮೊದಲು ಪೋಸ್ಟರಿನಲ್ಲಿ ಕಂಪನಿ ಹೆಸರೇ ಇರಲಿಲ್ಲ. ಜನ ಪೂರ್ವಗ್ರಹ ಇಟ್ಟುಕೊಳ್ಳುವ ಬಗ್ಗೆ ಸುಮ್ನೆ ಕೆಣಕುವ ಮಾತು. ಆಮೇಲೆ ಓಪೆಲ್ ಅಂತ ಗೊತ್ತಾಯಿತು. ನಿಮ್ಮ ತಲೆಯೊಳಗಿನ ಪಾರ್ಕಿಂಗ್ ಬದಲಿಸಿ ಅನ್ನುವ ಅರ್ಥದ ಘೋಷಣೆ. ನಮ್ಮ ಹೆಸರು ಕೆಟ್ಟಿದೆ ಅಂತ ಕಂಪನಿಯೇ ಊರಿಗೆಲ್ಲ ಸಾರಿದ್ದು ನಾನು ಬೇರೆಲ್ಲೂ ನೋಡಿಲ್ಲ. ಧೈರ್ಯ ಬೇಕು ಮಾರಾಯ್ರೆ.

ಧಾರವಾಡ_ಪೇಢಾ:
ಧೈರ್ಯ ಅಲ್ಲ ಶೆಟ್ರೇ, ಬೇರೆ ದಾರಿ ಇರಲಿಲ್ಲ. ಆ ಹೊತ್ತಿಗೆ ಜರ್ಮನಿಯಲ್ಲಿ ಓಪೆಲ್ ಪಾಲು ಶೇ 7ರ ಆಸುಪಾಸಿಗೆ ಇಳಿದಿತ್ತು.

ಶಾಂತಲಾ_ಎಚ್‌ಎಸ್:
1999ರಿಂದ ಓಪೆಲ್ ಲಾಭ ಕಂಡಿರಲಿಲ್ಲ. 2017ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಪಿಎಸ್‌ಎ, ಅಂದರೆ ಪ್ಯೂಜೋ ಮತ್ತು ಸಿಟ್ರೊಯೆನ್ ಗುಂಪು, ಅದನ್ನು ಕೊಂಡಿತು. ಹೌದು, ಮರಗಪ್ಪೆಯ ಕೇಸಿನಲ್ಲಿ ಸೋತ ಅದೇ ಸಿಟ್ರೊಯೆನ್. 2018ರಲ್ಲಿ ಓಪೆಲ್ ಲಾಭಕ್ಕೆ ಬಂತು. ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಸಾವಿರಾರು ಜನ ಸ್ವಯಂ ನಿವೃತ್ತಿ ಪಡೆದು ಹೋದರು, ರುಸೆಲ್ಸ್‌ಹೈಮ್‌ನ ಎಂಜಿನಿಯರಿಂಗ್ ಕೇಂದ್ರದ ಒಂದು ಭಾಗ ಹೊರಗಿನ ಕಂಪನಿಗೆ ಹೋಯಿತು. 2021ರಿಂದ ಎಲ್ಲ ಸೇರಿ ಸ್ಟೆಲ್ಲಾಂಟಿಸ್. 2019ರ ಕೋರ್ಸಾ, ಪ್ಯೂಜೋ 208 ಎರಡೂ ಒಂದೇ ತಳಪಾಯದ ಕಾರು.

ಹಾಗಾದರೆ ಇದನ್ನು ಜರ್ಮನ್ ಕಾರು ಅನ್ನಬೇಕೋ ಬೇಡವೋ? 1929ರಿಂದಲೇ ಯಜಮಾನ ಹೊರಗಿನವನು. ಆದರೂ ಎಪ್ಪತ್ತರ ದಶಕದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಚೆನ್ನಾಗಿ ಓಡುವಾಗ ಜರ್ಮನ್, ಕೆಟ್ಟಾಗ ಅಮೆರಿಕದ್ದು.

ವೈಟ್‌ಫೀಲ್ಡ್_ವಿನಯ್:
ಮಂಜು, ನಿಮ್ಮ ವಿಷಯಕ್ಕೆ ಬರೋಣ. 2015ರಿಂದ 2021ರವರೆಗೆ ಬಂದ ಆಸ್ಟ್ರಾ ಜಿಎಂ ಕಾಲದ ಕೊನೆಯ ವಿನ್ಯಾಸ. 2016ರ ಯುರೋಪಿನ ವರ್ಷದ ಕಾರು ಅದು. ಹೆಸರು ಕೆಟ್ಟಿರುವುದರಿಂದಲೇ ನಿಮಗೆ ಅಗ್ಗಕ್ಕೆ ಸಿಗುತ್ತಿರುವುದು. 2019ರ ನಂತರದ ಕೋರ್ಸಾ ನೋಡುವುದಾದರೆ 1.2 ಪ್ಯೂರ್‌ಟೆಕ್ ಪೆಟ್ರೋಲ್ ಎಂಜಿನ್ ಬಗ್ಗೆ ಓದಿಕೊಳ್ಳಿ. ಅದರ ಟೈಮಿಂಗ್ ಬೆಲ್ಟ್ ಎಣ್ಣೆಯಲ್ಲೇ ನೆನೆದು ಓಡುತ್ತದೆ. ಬೆಲ್ಟ್ ಬೇಗ ಹಾಳಾದ ದೂರು ಜಾಸ್ತಿ ಬಂದು ಕಂಪನಿ ಯುರೋಪಿನಲ್ಲಿ 10 ವರ್ಷ ಅಥವಾ 1,75,000 ಕಿ.ಮೀ. ವರೆಗೆ ವಾರಂಟಿ ವಿಸ್ತರಿಸಿದೆ.

ಮೈಂಝ್_ಮಂಜು:
ಇದು ಉಪಯೋಗಕ್ಕೆ ಬರುವ ಮಾತು. ಬೆಲ್ಟ್ ಕೆಟ್ಟಿದೆಯೋ ಇಲ್ಲವೋ ಅಂತ ಕೊಳ್ಳುವ ಮುಂಚೆ ನೋಡಲು ಆಗುತ್ತದಾ? ಎಂಜಿನ್ ಬಿಚ್ಚಿಸಲು ಮಾರುವವರು ಒಪ್ಪುವುದಿಲ್ಲ.

ಗ್ಯಾರೇಜ್_ಗಿರಿಯಣ್ಣ:
ಬಿಚ್ಚುವುದು ಬೇಡಪ್ಪ. ಆ ಎಂಜಿನ್ನಿಗೆ ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಬೆಲ್ಟ್ ಕಾಣುತ್ತದೆ. ಅಂಚು ಸಿಪ್ಪೆ ಎದ್ದಿದೆಯಾ, ಬೆನ್ನಿನ ಮೇಲೆ ಬಿರುಕು ಇದೆಯಾ ನೋಡು. ಎಣ್ಣೆ ಕುಡಿದು ಕೆಟ್ಟ ಬೆಲ್ಟ್ ಊದಿಕೊಂಡು ಅಗಲ ಆಗಿರುತ್ತದೆ. ಅದನ್ನು ಅಳೆಯಲು ಒಂದು ಗೇಜು ಬರುತ್ತದೆ, ಅದೇ ಕಿಂಡಿಯಿಂದ ಇಳಿಸಿ ಬೆಲ್ಟಿನ ಮೇಲೆ ಕೂರಿಸಬೇಕು. ಕೂತರೆ ಸರಿ, ಕೂರದಿದ್ದರೆ ಆ ಕಾರಿನ ಸಹವಾಸ ಬೇಡ. ಸರ್ವೀಸ್ ಪುಸ್ತಕದಲ್ಲಿ ಯಾವ ಗ್ರೇಡಿನ ಆಯಿಲ್ ಹಾಕಿದ್ದಾರೆ ಅಂತ ಕೇಳಿ ಬರೆದುಕೋ. ಪುಸ್ತಕ ಇಲ್ಲ, ಕಳೆದುಹೋಗಿದೆ ಅಂದರೆ ಮುಂದಿನ ಕಾರು ನೋಡು.